ಕಾಕೂ ಎಳೆದ ಅಡ್ಡ ಗೆರೆಗಳು

ಚೀಲದೊಳಗೆ ರಂಗೋಲಿ ಪುಡಿಯ ಪೊಟ್ಟಣ ಒಡೆದಿತ್ತು. ಬಸವಕಲ್ಯಾಣದ ಸಂತೆಯಿಂದ ಬಂದು ಚೀಲ ಸುರುವಿದರೆ ಮೆಂತ್ಯದ ಸೊಪ್ಪು, ಹಸಿಮೆಣಸಿನಕಾಯಿ, ಸಾಬೂನು, ಎಲ್ಲದರ ಮೇಲೂ ಬಿಳಿ ಹಿಟ್ಟು. ಹಿಟ್ಟು ಎಂದರೆ ತಪ್ಪು, ಅದು ಕಲ್ಲು. ಬೆರಳುಗಳ ನಡುವೆ ತಿಕ್ಕಿದರೆ ಕರಕರ ಎನ್ನುತ್ತದೆ. ರಂಗೋಲಿ ಪುಡಿಗೆ ವಾಸನೆ ಇಲ್ಲ ಎನ್ನುತ್ತಾರೆ. ನನಗೆ ಮಾತ್ರ ಇದೆ. ನೀರು ಚಿಮುಕಿಸಿದ ಫರಸಿ ಕಲ್ಲಿನ ವಾಸನೆ, ಅದರ ಹಿಂದೆ ಬೆಚ್ಚಗೆ ಮಾಡಿದ ನೋವಿನ ಎಣ್ಣೆಯ ವಾಸನೆ...

ಪುಡಿಯನ್ನು ಹಾಳೆಯ ಮೇಲೆ ಗುಡ್ಡೆ ಮಾಡಿದೆ. ಅಡುಗೆಮನೆಯ ನೆಲದ ಮೇಲೆ ಉದುರಿದ್ದನ್ನು ಒರೆಸಲು ಬಗ್ಗಿದವಳು ಒರೆಸದೆ ಕುಳಿತೆ. ಬೆರಳು ತಾನಾಗಿ ಅದನ್ನು ಒಂದು ಅಡ್ಡ ಗೆರೆಯಾಗಿ ಎಳೆದಿತ್ತು.

ಮಾಣಿಕನಗರದ ಕಾಕೂ ಎಳೆಯುತ್ತಿದ್ದದ್ದು ಇಂಥದೇ ಗೆರೆ. ಚುಕ್ಕೆ ಇಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಬರೀ ಅಡ್ಡ ಗೆರೆಗಳು, ಹೆಜ್ಜೆಗೊಂದು.

ಆಗ ನಾನು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಪಕ್ಕದ ಮಾಣಿಕನಗರದಲ್ಲಿ ಮಾಳಿಗೆಯ ಮೇಲಿನ ಒಂದು ಕೋಣೆ ಹಿಡಿದೆ. ಕೆಳಗೆ ಮನೆಯ ಮಾಲಕರು, ಗಂಡ ಹೆಂಡತಿ. ಓಣಿಯೆಲ್ಲ ಅವರನ್ನು ಕಾಕಾ, ಕಾಕೂ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ದತ್ತನ ಅವತಾರವೆನ್ನುವ ಪ್ರಭುವಿನ ಗುಡಿಯ ದಾರಿಯಲ್ಲಿ ಅವರದೊಂದು ಕಾಯಿ-ಕರ್ಪೂರದ ಅಂಗಡಿ ಇತ್ತು. ಕಾಕಾಗೆ ಕಾಯಿಲೆ ಬಂದ ಮೇಲೆ ಹುಮನಾಬಾದಿನಲ್ಲಿದ್ದ ಅಳಿಯ ಅದನ್ನು ನೋಡಿಕೊಳ್ಳುತ್ತಿದ್ದ. ಮಗಳು ಎರಡು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು.

ಬರೆಯಲು ಕೂತದ್ದು ಕಾಕಾನ ಬಗ್ಗೆ. ಕಾಯಿಲೆ ಅವರದು, ಆದ್ದರಿಂದ ಕಥೆಯೂ ಅವರದೇ ಆಗಬೇಕು ಎಂದು ಎಣಿಸಿದ್ದೆ. ಆದರೆ ಅವರ ಮುಖವನ್ನು ಬರೆಯಹೋದಾಗಲೆಲ್ಲ ಹಾಳೆಯ ಕೆಳಗಿನಿಂದ ಒಂದು ಕಾಲು ಬಂದು ಅಡ್ಡ ನಿಲ್ಲುತ್ತದೆ. ಒಡೆದ ಹಿಮ್ಮಡಿ, ಸವೆದು ತೆಳ್ಳಗಾದ ಕಾಲುಂಗುರ, ಅರಿಷಿಣ ಹಿಡಿದ ಉಗುರು. ಕಾಕೂನ ಬಲಗಾಲು. ಹಾಗಾಗಿ ಇದು ಯಾರ ನೆನಪು ಎಂಬುದು ನನ್ನ ಕೈಯಲ್ಲಿ ಉಳಿದಿಲ್ಲ.

ಕಾಯಿಲೆಗೆ ಕಲಬುರಗಿಯ ನರದ ಡಾಕ್ಟರು ಪಾರ್ಕಿನ್ಸನ್ ಎಂದಿದ್ದರು. ಬಸವಕಲ್ಯಾಣದ ವೈದ್ಯರೊಬ್ಬರು ಕಂಪವಾತ ಎಂದಿದ್ದರು. ಓಣಿಯವರು ನಡುಗು ಬ್ಯಾನಿ ಎನ್ನುತ್ತಿದ್ದರು. ಆದರೆ ಕಾಕಾನನ್ನು ಕಾಡಿದ್ದು ಕೈಯ ನಡುಕವಲ್ಲ. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರೆ ಅದು ಯಾರಿಗೂ ಕಾಣುತ್ತಿರಲಿಲ್ಲ. ಕಾಡಿದ್ದು ಬಾಗಿಲು. ಕೋಣೆಯೊಳಗೆ ತಕ್ಕಮಟ್ಟಿಗೆ ನಡೆದು ಬರುತ್ತಿದ್ದರು. ಬಾಗಿಲು ಬಂತೆಂದರೆ ಪಾದಗಳೆರಡೂ ನೆಲಕ್ಕೆ ಅಂಟಿಬಿಡುತ್ತಿದ್ದವು. ಮೈ ಮುಂದೆ ಬಾಗುತ್ತಿತ್ತು, ಕಾಲು ಬರುತ್ತಿರಲಿಲ್ಲ.

"ಕಾಲಿಗೆ ಹೇಳ್ತೇನಿ ತಂಗಿ, ಏಳು ಅಂತ. ಅದು ಮಂದಿ ಮಾತು ಕೇಳಿದಂಗ ಕೇಳ್ತದ, ಸುಮ್ಮ ನಿಲ್ತದ," ಎಂದು ನನಗೆ ಒಮ್ಮೆ ಹೇಳಿದರು.

ಕಾಲಿಗಿಂತ ಮುಂಚೆ ಭಯ ಬರುತ್ತಿತ್ತು. ಹಾಸಿಗೆಯ ಮೇಲೆ ಕೂತು ಬಾಗಿಲ ಕಡೆ ನೋಡಿದರೂ ಸಾಕು, ಹಣೆ ಬೆವರುತ್ತಿತ್ತು, ಎದೆ ಡಬಡಬ ಎನ್ನುತ್ತಿತ್ತು. ಭಯ ಬಂದರೆ ಕಾಲು ಹೆಚ್ಚು ಅಂಟುತ್ತಿತ್ತು, ಕಾಲು ಅಂಟಿದರೆ ಭಯ ಇನ್ನಷ್ಟು ಬೆಳೆಯುತ್ತಿತ್ತು. ಹೊರಗಿನಿಂದ ನೋಡುವವರಿಗೆ ಒಬ್ಬ ಮನುಷ್ಯ ಬಾಗಿಲಲ್ಲಿ ಸುಮ್ಮನೆ ನಿಂತಂತೆ ಮಾತ್ರ ಕಾಣುತ್ತಿತ್ತು.

ಇದರ ಹಿಂದೆ ಮುಡಬಿಯ ಒಂದು ಸಂಗತಿ ಇತ್ತು. ನಾನು ಆ ಮನೆಗೆ ಬರುವ ಮುಂಚಿನದು. ಮುಡಬಿಯಲ್ಲಿ ಕಾಕಾನ ಅಣ್ಣ ಇದ್ದರು. ತಂದೆ ಸತ್ತ ಮೇಲೆ ತಮ್ಮನನ್ನು ಬೆಳೆಸಿದವರು, ಮಾಣಿಕನಗರದಲ್ಲಿ ಅಂಗಡಿ ಹಾಕಿಕೊಟ್ಟವರು. ಅವರ ಮನೆಯಲ್ಲಿ ಮೊಮ್ಮಗನ ಹೆಸರಿಡುವ ದಿನ. ಮಂದಿ ತುಂಬಿದ್ದರು. ತಲೆಬಾಗಿಲ ಹೊಸ್ತಿಲಲ್ಲಿ ಕಾಕಾನ ಕಾಲು ನಿಂತುಬಿಟ್ಟಿತು. ಹಿಂದೆ ಊಟಕ್ಕೆ ಬಂದವರ ಸಾಲು. ಅಣ್ಣನ ಮಗ, ಮುಡಬಿಗೂ ಬಸವಕಲ್ಯಾಣಕ್ಕೂ ಟಂಟಂ ಆಟೊ ಓಡಿಸುವವನು, ಹಿಂದಿನಿಂದ ಕೂಗಿದ: "ಕಾಕಾ, ಗಾಡಿ ಬಂದ್ ಬಿತ್ತೇನ್ರಿ? ಧಕ್ಕಾ ಹೊಡಿಲೇನು?"

ಎಲ್ಲರೂ ನಕ್ಕರು. ಕಾಕಾನೂ ನಕ್ಕರಂತೆ. ನನಗೆ ಇದನ್ನು ಹೇಳುವಾಗಲೂ ನಗುತ್ತಲೇ ಹೇಳಿದರು. ಕಾಕೂ ಮಾತ್ರ ನಗಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವರು ಮೊರ ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಕಾಕಾ ಮುಡಬಿಗೆ ಹೋಗಿರಲಿಲ್ಲ. ಅಣ್ಣ ಹಬ್ಬಕ್ಕೆ ಕರೆದರು, ಹೊಸ ಜೋಳ ಕಳಿಸಿದರು, ಫೋನು ಮಾಡಿದರು. ಅವರಿಗೂ ಮಂಡಿನೋವು, ಬಸ್ಸು ಹತ್ತಲು ಆಗುತ್ತಿರಲಿಲ್ಲ. "ಬರ್ತೇನಿ ಅಣ್ಣಾ, ಜರಾ ಕಾಲು ಸುದ್ದ ಆಗ್ಲಿ," ಎಂದು ಕಾಕಾ ಫೋನಿನಲ್ಲಿ ಹೇಳುತ್ತಿದ್ದರು. ಫೋನು ಇಟ್ಟ ಮೇಲೆ ಹೆಂಡತಿಗೆ ಹೇಳುತ್ತಿದ್ದದ್ದು ಬೇರೆ: "ಅಣ್ಣನ ಮನಿ ಹೊಸ್ತಿಲಾ ನಾ ನನ್ನ ಕಾಲ್ಲೇ ದಾಟಬೇಕು. ಮಂದಿ ಹಿಡ್ಕೊಂಡು ದಾಟ್ಸೂದಾದ್ರ ಹೋಗೂದೇ ಬ್ಯಾಡ."

ಆ ಮನೆಯಲ್ಲಿ ನಡೆಯುತ್ತಿದ್ದ ಎಲ್ಲ ಉಪಚಾರಗಳ ಕೊನೆಗೂ ಆ ಒಂದು ಹೊಸ್ತಿಲು ಇತ್ತು. ಬೆಳಗಿನ ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ. ಭಯ ಬಂದಾಗ ಜಪಮಾಲೆ ಹಿಡಿದು ಒಂದು ಮಣಿಗೆ ಒಂದು ಉಸಿರು ಬಿಡುವುದು. ಇದು ಕಾಕೂ ತಾವೇ ಹೂಡಿದ್ದು, ಇದರಿಂದ ಎದೆಯ ಬಡಿತ ನಿಜಕ್ಕೂ ಇಳಿಯುತ್ತಿತ್ತು. ಸಂಜೆ ಗುಡಿಯಿಂದ ಭಜನೆ ಕೇಳಿಬಂದಾಗ ಮೊಣಕಾಲಿನ ಮೇಲೆ ತಾಳ ಹಾಕುವುದು. ತಾಳದ ಜೊತೆಗೇ ಎದ್ದರೆ ನಾಲ್ಕು ಹೆಜ್ಜೆ ಹಗುರಾಗಿ ಬರುತ್ತಿದ್ದವು. ಬಸವಕಲ್ಯಾಣದ ವೈದ್ಯರು ನಸುಗುನ್ನಿ ಬೀಜದ ಪುಡಿ ಕೊಟ್ಟಿದ್ದರು. ಹಾಲಿನಲ್ಲಿ ಕಲಸಿ ಕುಡಿದ ಕೆಲವು ದಿನ ಕಾಕಾ ಚೆನ್ನಾಗಿದ್ದರು, ಆಮೇಲೆ ಕೈಕಾಲು ಬೇಡವೆಂದರೂ ಕುಣಿಯತೊಡಗಿದವು. ಕಲಬುರಗಿಯ ಡಾಕ್ಟರು ಪುಡಿಯ ಡಬ್ಬಿ ನೋಡಿ, "ಗುಳಿಗ್ಯಾಗ ಇರೂ ಮಾಲೇ ಇದ್ರಾಗೂ ಅದರಿ. ಎರಡೂ ಕೂಡಿಸಿ ನಿಮ್ಮ ಮನಸಿಗೆ ಬಂದಂಗ ತಗೋಬ್ಯಾಡ್ರಿ. ಎಣ್ಣಿ ತಿಕ್ರಿ, ಭಜನಿ ಮಾಡ್ರಿ, ನಡೀರಿ. ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ," ಎಂದರಂತೆ.

"ನೋಡು ಗುಳಿಗಿ ತಂಗಿ," ಎಂದು ಕಾಕಾ ನನ್ನನ್ನು ಚುಡಾಯಿಸಿದರು. ಔಷಧಿ ಕಾರ್ಖಾನೆಯವಳಾದ್ದರಿಂದ ನನಗೆ ಅದೇ ಹೆಸರು. "ನಿಮ್ಮ ಫ್ಯಾಕ್ಟರಿಯವ್ರು ಮಷೀನ್ ಹಚ್ಚಿ ಮಾಡೂದು ನಮ್ಮ ಬೇಲಿ ಮ್ಯಾಗ ಬೆಳೀತದ."

ಇನ್ನು ಗುರುವಾರದ ವಿಷಯ.

ಗುರುವಾರ ದತ್ತನ ವಾರ, ಆ ಮನೆಗೆ ದೊಡ್ಡ ದಿನ. ಗುರುವಾರ ಕಾಕಾ ನಡೆಯುತ್ತಾರೆ ಎಂದು ಓಣಿಗೆಲ್ಲ ಗೊತ್ತಿತ್ತು. ಬೇರೆ ದಿನ ದೇವರ ಕೋಣೆಯ ಬಾಗಿಲಲ್ಲಿ, ಪಡಸಾಲೆಯ ಬಾಗಿಲಲ್ಲಿ ನಿಂತುಬಿಡುವ ಮನುಷ್ಯ ಗುರುವಾರ ಸರಾಗ ದಾಟಿ ಹೊರಗಿನ ಕಟ್ಟೆಯವರೆಗೆ ಬರುತ್ತಿದ್ದರು. ಪ್ರಭು ನಡೆಸುತ್ತಾನೆ ಎಂದು ಎಲ್ಲರೂ ನಂಬಿದ್ದರು. ಕಾಕಾನೂ ನಂಬಿದ್ದರು. ಆ ನಂಬಿಕೆಯಿಂದ ಗುರುವಾರ ಅವರ ಭಯವೂ ಕಡಿಮೆ ಇರುತ್ತಿತ್ತು ಎಂಬುದು ಖಂಡಿತ.

ನನಗೆ ನೆನಪಿರುವ ಪ್ರಕಾರ ಇದರ ಗುಟ್ಟು ಹೊರಬಿದ್ದದ್ದು ಒಂದು ಸೋಮವಾರ. ಮಗಳ ಹುಟ್ಟಿದ ದಿನವೆಂದು ಕಾಕೂ ಒಳಗಿನ ಬಾಗಿಲುಗಳಿಗೂ ರಂಗೋಲಿ ಹಾಕಿದ್ದರು. ಸಾಮಾನ್ಯ ದಿನ ತಲೆಬಾಗಿಲಿಗೆ ಮಾತ್ರ, ಗುರುವಾರ ಒಳಬಾಗಿಲುಗಳಿಗೂ ಹಾಕುವುದು ಅವರ ರೂಢಿ. ಆ ಸೋಮವಾರ ಕಾಕಾ ಎದ್ದು ಬಂದು, ರಂಗೋಲಿಯ ಮುಂದೆ ಕಾಲೆತ್ತಿ, ದಾಟಿ, ಪಡಸಾಲೆಗೆ ಬಂದು ಕೂತರು. ರಂಗೋಲಿ ತುಳಿಯಬಾರದು. ಚಿಕ್ಕಂದಿನಿಂದ ಕಾಲಿಗೆ ಕಲಿಸಿದ್ದು ಅದು. ತಲೆಯ ಮಾತು ಕೇಳದ ಕಾಲು ಆ ಬಿಳಿ ಗೆರೆಯ ಮಾತು ಕೇಳಿತ್ತು. ಕಾಕೂ ಕೈಯಲ್ಲಿ ಚಹದ ಬಟ್ಟಲು ಹಿಡಿದು ಬಾಗಿಲನ್ನೇ ನೋಡುತ್ತ ನಿಂತಿದ್ದರು.

ಇದು ನನ್ನ ನೆನಪು. ಇದು ತೀರಾ ಚೆನ್ನಾಗಿ ಕೂಡಿಕೊಂಡಿದೆ. ಇಷ್ಟು ಚೆನ್ನಾಗಿ ಕೂಡಿಕೊಳ್ಳುವುದನ್ನು ನಾನು ನಂಬುವುದಿಲ್ಲ. ಕಾಕೂ ಇದನ್ನು ಬೇರೆ ಥರ ಹೇಳುತ್ತಿದ್ದರು: ಅಳಿಯ ಒಳಗೆಲ್ಲ ಹೊಳೆಯುವ ಟೈಲ್ಸ್ ಹಾಕಿಸಿದ ಮೇಲೆಯೇ ಕಾಲು ಹೆಚ್ಚು ಹಿಡಿದದ್ದು, ಮೊದಲಿನ ಫರಸಿಯಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಸಂದು ಕಾಣುತ್ತಿತ್ತು, ಸಂದಿನಿಂದ ಸಂದಿಗೆ ಅವರು ಕಾಲಿಡುತ್ತಿದ್ದರು, ಅದನ್ನು ನೆನೆದು ತಾವೇ ಒಂದು ದಿನ ಗೆರೆ ಎಳೆದು ನೋಡಿದ್ದು. ಮಗಳ ಹುಟ್ಟಿದ ದಿನದ ಮಾತೇ ಅವರ ಕಥೆಯಲ್ಲಿ ಇಲ್ಲ. ನಾನು ಆ ಬಟ್ಟಲನ್ನು ಎಲ್ಲಿಂದ ತಂದೆನೋ...

ಎರಡರಲ್ಲಿ ಯಾವುದೇ ಇರಲಿ, ಆಮೇಲಿನದು ಖರೆ. ಕಾಕೂ ದಿನಾ ಬೆಳಿಗ್ಗೆ ಗೆರೆ ಎಳೆಯತೊಡಗಿದರು. ಕಾಕಾನ ಮಂಚದಿಂದ ಹಿಡಿದು ಪಡಸಾಲೆ ದಾಟಿ ತಲೆಬಾಗಿಲವರೆಗೆ, ಬೆರಳ ಸಂದಿನಿಂದ ಪುಡಿ ಬಿಡುತ್ತ, ಕುಕ್ಕುರುಗಾಲಲ್ಲಿ ಹಿಂದಕ್ಕೆ ಸರಿಯುತ್ತ. ಮೊದಮೊದಲು ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ ನೋಡಿದರು.

"ಇದೇನ್ ಬೇ, ಮನ್ಯಾಗ ರೋಡ್ ಮಾಡ್ಸೀದಿ?" ಎಂದಳು ಎದುರು ಮನೆಯ ಮುದುಕಿ.

"ಹೌದ್ರಿ ಆಯಿ, ನಮ್ಮನ್ಯಾಗಿನ ಗಾಡಿ ಡಾಂಬರ್ ಮ್ಯಾಲ ನಡೆಂಗಿಲ್ಲ," ಎಂದರು ಕಾಕೂ.

ಗಾಡಿ ಎಂಬ ಆ ಮಾತನ್ನು ಅವರು ಅಳುಕಿಲ್ಲದೆ ಆಡಿದ್ದು ಅದೇ ಮೊದಲು. ಒಳಗಿದ್ದ ಕಾಕಾ ಕೇಳಿಸಿಕೊಂಡು ನಕ್ಕರು. ಅವರ ನಗು ಆಗಲೇ ಮುಖದ ಮೇಲೆ ಬರುವುದು ನಿಂತಿತ್ತು, ಕಾಯಿಲೆ ಮುಖವನ್ನೂ ಹಿಡಿದಿತ್ತು. ಗಂಟಲಲ್ಲಿ ಸಣ್ಣಗೆ ಕೇಳುತ್ತಿತ್ತು, ಅಷ್ಟೆ.

ಗೆರೆಗಳಿಂದ ಕಾಯಿಲೆ ಹಿಂದೆ ಸರಿಯಲಿಲ್ಲ. ಧ್ವನಿ ಇನ್ನೂ ಸಣ್ಣದಾಯಿತು, ಅಂಗಿಯ ಗುಂಡಿ ಹಾಕಲು ಹೆಚ್ಚು ಹೊತ್ತು ಹಿಡಿಯಿತು. ಆದರೆ ಬಾಗಿಲ ಭಯ ಇಳಿಯಿತು. ದಿನಾ ಬೆಳಿಗ್ಗೆ ಮಂಚದ ಮೇಲೆ ಕೂತು ಮುಂದಿನ ಬಿಳಿ ಗೆರೆಗಳನ್ನು ನೋಡುತ್ತಿದ್ದ ಆ ಕಣ್ಣು ನನಗೆ ಗೊತ್ತು. ಒಂದೊಂದು ಸಲ ಕಾಕಾ ಕಟ್ಟೆಯ ಮೇಲೆ ಕೂತು ಮುಡಬಿಯ ಮಾತು ತೆಗೆಯುತ್ತಿದ್ದರು. ದೀಪಾವಳಿಗೆ ಹೋಗೋಣ. ಹೋಗುವಾಗ ರಂಗೋಲಿ ಪುಡಿಯ ಡಬ್ಬಿ ಒಯ್ಯಬೇಕು. ಅಣ್ಣನ ಬಾಗಿಲಿಗೂ ಎರಡು ಗೆರೆ ಎಳೆದರಾಯಿತು. "ಆ ಹುಡುಗನೂ ನೋಡ್ಲಿ, ಗಾಡಿ ಹ್ಯಾಂಗ ಚಾಲೂ ಆಗ್ತದಂತ," ಎನ್ನುತ್ತಿದ್ದರು.

ದೀಪಾವಳಿಗೆ ಮುಂಚೆಯೇ ಅಣ್ಣ ತೀರಿಕೊಂಡರು.

ಸುದ್ದಿ ಬಂದದ್ದು ಬೆಳಿಗ್ಗೆ. ನಾನು ಕೆಲಸಕ್ಕೆ ಹೊರಟು ಮೆಟ್ಟಿಲು ಇಳಿಯುತ್ತಿದ್ದೆ. ಫೋನು ತೆಗೆದುಕೊಂಡವರು ಕಾಕೂ. "ಹೌದಾ" ಎಂದರು, "ಯಾವಾಗ" ಎಂದರು. ಫೋನು ಇಟ್ಟವರೇ ಬಚ್ಚಲಿಗೆ ಹೋಗಿ ತಂಬಿಗೆಯಲ್ಲಿ ನೀರು, ಒಂದು ಒದ್ದೆ ಬಟ್ಟೆ ತಂದರು. ತಲೆಬಾಗಿಲ ರಂಗೋಲಿ ಒರೆಸಿದರು. ಅಲ್ಲಿಂದ ಒಳಗೆ, ಹೊಸ್ತಿಲಿನಿಂದ ಮಂಚದವರೆಗೆ, ಸ್ವಲ್ಪ ಮುಂಚೆ ಎಳೆದಿದ್ದ ಅಷ್ಟೂ ಗೆರೆಗಳನ್ನು ಒಂದೊಂದಾಗಿ ಒರೆಸಿಬಿಟ್ಟರು. ಸೂತಕದ ಮನೆಯಲ್ಲಿ ರಂಗೋಲಿ ಇರಬಾರದು. ಕೈ ಅದನ್ನು ಕಲಿತಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಕೊನೆಯ ಗೆರೆ ಒರೆಸಿ ತಲೆ ಎತ್ತಿದಾಗ ಎದುರಿಗೆ ಮಂಚದ ಮೇಲೆ ಕಾಕಾನ ಎರಡು ಪಾದಗಳು ಇದ್ದವು.

ಇಬ್ಬರ ನಡುವೆ ಒದ್ದೆ ಟೈಲ್ಸ್ ಹೊಳೆಯುತ್ತಿತ್ತು.

"ಅಣ್ಣ?" ಎಂದು ಕೇಳಿದರು ಕಾಕಾ. ಗೆರೆ ಅಳಿಸುವುದನ್ನು ನೋಡಿಯೇ ಅವರಿಗೆ ತಿಳಿದಿತ್ತು.

ಕಾಕೂ ತಲೆ ಆಡಿಸಿದರು.

ಕಾಕಾ ಅಳಲಿಲ್ಲ. ಎದ್ದು ನಿಂತರು. ನಿಂತಲ್ಲೇ ನಿಂತರು. ಮಂಚದ ಪಕ್ಕದಲ್ಲಿ, ಬಾಗಿಲೂ ಇಲ್ಲದ ಕಡೆ, ಮೊದಲ ಹೆಜ್ಜೆಯೇ ಬರಲಿಲ್ಲ. ಎಡಗೈ ಗೋಡೆಗೆ ಬಡಿಯತೊಡಗಿತು. ಅಷ್ಟರಲ್ಲಿ ಅಣ್ಣನ ಮಗ ಟಂಟಂ ತಂದು ಓಣಿಯ ಮುಂದೆ ನಿಲ್ಲಿಸಿದ್ದ. ಅವನು ಮುಡಬಿಯಿಂದ ಹೊರಟ ಮೇಲೆಯೇ ಫೋನು ಬಂದಿರಬೇಕು, ಇಲ್ಲದಿದ್ದರೆ ಅಷ್ಟು ಬೇಗ ಬರಲು ಆಗದು. ಅಥವಾ ನಾವು ಬಹಳ ಹೊತ್ತು ಹಾಗೇ ನಿಂತಿದ್ದೆವೇನೋ.

"ಮಧ್ಯಾಹ್ನಕ್ಕ ಮಣ್ಣು ಅದ ಕಾಕೂ. ಲಗೂ ಹೋಗಬೇಕು," ಎಂದ ಅವನು. ಬಾಗಿಲಲ್ಲಿ ನಿಂತು ಕಾಕಾನನ್ನು ನೋಡಿದ. "ನಾ ಎತ್ಕೊಂಡು ಬರ್ಲೇನು?"

"ಬ್ಯಾಡ." ಕಾಕಾನ ಸಣ್ಣ ಧ್ವನಿ ಆ ದಿನ ಎಲ್ಲರಿಗೂ ಕೇಳಿಸಿತು. "ನಾ ಹೆಣ ಅಲ್ಲ."

ನಾನು ಸೀಮೆಸುಣ್ಣದಿಂದ ಗೆರೆ ಎಳೆಯಲೇ ಎಂದೆ. ಅದು ರಂಗೋಲಿ ಅಲ್ಲವಲ್ಲ ಎಂದೆ. ಕಾಕೂ ಗಂಡನ ಮುಖ ನೋಡಿದರು. ಕಾಕಾ ನಿಧಾನವಾಗಿ, ಒಂದೊಂದು ಮಾತನ್ನೂ ಎತ್ತಿಡುತ್ತ ಹೇಳಿದರು: "ಅಣ್ಣ ಸತ್ತಾನ ತಂಗಿ. ಇವತ್ತು ಬಿಳಿ ಗೆರಿ ಬ್ಯಾಡ. ಯಾವುದೂ ಬ್ಯಾಡ."

ಭಜನೆಯ ತಾಳವೂ ಇರಲಿಲ್ಲ. ಆ ದಿನ ಯಾರು ಹಾಡುತ್ತಾರೆ? ಕಾಕೂ ಜಪಮಾಲೆ ಅವರ ಕೈಗೆ ಕೊಟ್ಟರು. ಒಂದು ಮಣಿ, ಒಂದು ಉಸಿರು. ಇನ್ನೊಂದು ಮಣಿ. ಕೈಯ ಬಡಿತ ನಿಂತಿತು. ಕಾಲು ನಿಂತೇ ಇತ್ತು.

ಆಗ ಕಾಕೂ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗಂಡನ ಪಕ್ಕಕ್ಕೆ ಬಂದು, ತಮ್ಮ ಬಲಗಾಲನ್ನು ಅವರ ಪಾದಗಳ ಮುಂದೆ ಅಡ್ಡ ಇಟ್ಟರು, ಗೆರೆ ಎಳೆಯುತ್ತಿದ್ದ ಜಾಗದಲ್ಲೇ, ಗೆರೆ ಇರುತ್ತಿದ್ದ ಹಾಗೇ.

"ದಾಟ್ರಿ," ಎಂದರು.

ಕಾಕಾ ಕೆಳಗೆ ನೋಡಿದರು. ಕಾಲೆತ್ತಿದರು. ದಾಟಿದರು.

ಒಬ್ಬರ ಕಾಲನ್ನು ಇನ್ನೊಬ್ಬರು ದಾಟುವುದು, ತಾಗಿಸುವುದು ನಮ್ಮ ಕಡೆ ಸಣ್ಣ ಮಾತಲ್ಲ. ಕಾಕಾನ ಹಿಮ್ಮಡಿ ಹೆಂಡತಿಯ ಬೆರಳನ್ನು ಸವರಿತು. ಕಾಕೂ ತಟ್ಟನೆ ಬಗ್ಗಿ ಗಂಡನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಎದ್ದು ಮತ್ತೆ ಮುಂದೆ ಕಾಲಿಟ್ಟರು. ಮತ್ತೆ ತಾಗಿತು, ಮತ್ತೆ ಬಗ್ಗಿದರು. ಪಡಸಾಲೆಯ ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ಏದುಸಿರು.

"ಹಿಂಗ ನಮಸ್ಕಾರ ಮಾಡ್ಕೋತ ಹೊಂಟ್ರ ಅಣ್ಣಂದು ಮಣ್ಣು ಆಗಿಹೋಗ್ತದ," ಎಂದರು ಕಾಕಾ. "ಎಲ್ಲಾ ಕೂಡಿಸಿ ಕಡೀಕೊಮ್ಮಿ ಮಾಡು."

ಕಾಕೂಗೆ ನಗು ಬಂತು. ಅಳುವೂ ಅದರ ಜೊತೆಗೇ ಬಂತು. ಬಗ್ಗುವುದನ್ನು ಬಿಟ್ಟು ಕಾಲು ಮಾತ್ರ ಇಡತೊಡಗಿದರು. ಮಂಚದಿಂದ ಹೊಸ್ತಿಲು, ಹೊಸ್ತಿಲಿನಿಂದ ಓಣಿ, ಓಣಿಯಿಂದ ಟಂಟಂ. ಅಣ್ಣನ ಮಗ ಹ್ಯಾಂಡಲ್ ಹಿಡಿದು ಕೂತು ಕನ್ನಡಿಯಲ್ಲಿ ನೋಡುತ್ತಿದ್ದ. ಗುಳಿಗೆಯ ಚೀಲ ಹಿಡಿದುಕೊಳ್ಳಲು ಕಾಕೂ ನನ್ನನ್ನು ಕರೆದರು. ಕೆಲಸಕ್ಕೆ ಫೋನು ಮಾಡಿ ನಾನೂ ಹತ್ತಿದೆ.

ದಾರಿಯ ನೆನಪು ಇಲ್ಲ. ತೊಗರಿ ಹೂ ಬಿಟ್ಟಿತ್ತು ಎಂದು ಬರೆಯಬೇಕೆನ್ನಿಸುತ್ತದೆ. ಅದು ಆ ದಿನದ ಹೂವೋ ಬೇರೆ ವರ್ಷದ್ದೋ ಹೇಳಲಾರೆ, ಆದ್ದರಿಂದ ಬಿಡುತ್ತೇನೆ.

ಮುಡಬಿಯ ಮನೆಯ ಮುಂದೆ ಗಂಡಸರು ಕೂತಿದ್ದರು. ಒಳಗೆ ಹೆಂಗಸರ ಅಳು. ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಅಂಗಳದಿಂದ ಕಾಣುತ್ತಿತ್ತು. ಅಣ್ಣನಿಗೂ ತಮ್ಮನಿಗೂ ನಡುವೆ ಉಳಿದದ್ದು ಆ ಎತ್ತರದ ಹೊಸ್ತಿಲು, ಅದರ ಮುಂದೆ ಚಪ್ಪಲಿಗಳ ರಾಶಿ. ಭಾವನ ಮನೆಗೆ ಬಂದ ಕಿರಿ ಸೊಸೆ ಕಾಕೂ. ಆ ಮನೆಯಲ್ಲಿ ಅವರು ತಲೆಯ ಮೇಲಿನ ಸೆರಗು ಸರಿಸಿದವರಲ್ಲ, ಗಂಡಸರ ಮುಂದೆ ತಲೆ ಎತ್ತಿ ನಡೆದವರಲ್ಲ. ಅವರು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡರು, ಎರಡು ಕೈಯಲ್ಲೂ ನೆರಿಗೆ ಎತ್ತಿ ಹಿಡಿದರು, ಅಷ್ಟೂ ಮಂದಿಯ ಮುಂದೆ ಗಂಡನ ಕಾಲಿಗೆ ತಮ್ಮ ಕಾಲು ಅಡ್ಡ ಇಡುತ್ತ ಅಂಗಳ ದಾಟತೊಡಗಿದರು.

ಅಳು ತಗ್ಗಿತು. "ಇದೇನ್ ಮಾಡಾಕತ್ತಾಳ ಅಕಿ?" ಎಂದಳು ಯಾರೋ ಮುದುಕಿ. "ಸತ್ತ ಮನ್ಯಾಗ ಗಂಡಗ ಕಾಲು ಅಡ್ಡ ಹಾಕ್ತಾಳಲ್ಲ ಯವ್ವಾ!"

ಕಾಕೂ ಮುಂದಿನ ಹೆಜ್ಜೆಗೆ ಕಾಲಿಟ್ಟರು. ನಡೆಯುವಾಗ ಕಾಕಾಗೆ ಮಾತಾಡಲು ಆಗುತ್ತಿರಲಿಲ್ಲ. ಹೊಸ್ತಿಲ ಹತ್ತಿರ ಬಂದಾಗ ಅವರ ಮೈ ಮುಂದೆ ಬಾಗಿತು, ಕಾಲು ಅಂಟಿತು. ಹೆಸರಿಡುವ ದಿನ ನಿಂತಿದ್ದ ಜಾಗ. ಚಪ್ಪಲಿಗಳ ನಡುವೆ ಕಾಕೂಗೆ ಕಾಲಿಡಲು ಎಡೆ ಇರಲಿಲ್ಲ. ಆಗ ಅಣ್ಣನ ಮಗ ಮುಂದೆ ಬಂದ. ತಂದೆ ಸತ್ತವನು, ಮೈಮೇಲೆ ಬರೀ ಒಂದು ಪಂಚೆ. ಬಗ್ಗಿ ಎರಡೂ ಕೈಯಲ್ಲಿ ಚಪ್ಪಲಿಗಳನ್ನು ಬಾಚಿ ಪಕ್ಕಕ್ಕೆ ಎಸೆದ. ಹೊಸ್ತಿಲು ಬರಿದಾಯಿತು. ಕಾಕೂ ಹೊಸ್ತಿಲ ಒಳಗೆ ಹೋಗಿ, ಆಚೆ ಕಡೆಯಿಂದ ಕಾಲನ್ನು ಹೊಸ್ತಿಲ ಮೇಲೇ ಇಟ್ಟರು.

ಹೊಸ್ತಿಲ ಮೇಲೆ ಕಾಲಿಡಬಾರದು. ಅದೂ ಅವರಿಗೆ ಗೊತ್ತಿತ್ತು.

ಕಾಕಾ ದಾಟಿದರು. ಅಣ್ಣನ ಮುಂದೆ ಕೂತರು. ಅವರ ಮಡಿಲಿನಲ್ಲಿ ತಲೆ ಇಟ್ಟರು ಎಂದು ನಾನು ಕೆಲವರ ಮುಂದೆ ಹೇಳಿದ್ದೇನೆ. ಇಲ್ಲ. ಅಷ್ಟು ಬಗ್ಗಲು ಅವರಿಗೆ ಆಗುತ್ತಿರಲಿಲ್ಲ. ಅಣ್ಣನ ಮಂಡಿಯ ಮೇಲೆ ಎಡಗೈ ಇಟ್ಟರು, ಯಾವಾಗಲೂ ತೊಡೆಯ ಕೆಳಗೆ ಬಚ್ಚಿಡುತ್ತಿದ್ದ ಕೈ. ಅದು ಅಲ್ಲಿ ಎಲ್ಲರೆದುರು ನಡುಗಿತು. "ಬಂದೇನಿ ನೋಡು," ಎಂದರು.

ಆ ಮೇಲೆ ಸೂತಕ ಕಳೆಯುವವರೆಗೆ ಮಾಣಿಕನಗರದ ಮನೆಯಲ್ಲಿ ಗೆರೆ ಇರಲಿಲ್ಲ, ಕಾಕೂನ ಕಾಲೇ ಇತ್ತು. ಬಚ್ಚಲಿಗೆ, ದೇವರ ಕೋಣೆಗೆ, ಕಟ್ಟೆಗೆ. ಸೂತಕ ಕಳೆದ ಮೇಲೆ ಮತ್ತೆ ಪುಡಿಯ ಡಬ್ಬಿ ಹೊರಗೆ ಬಂತು. ಆದರೆ ಗೆರೆ ಸಾಲದ ಕಡೆ, ಮಂದಿ ಹೆಚ್ಚಿದ ಕಡೆ, ಭಯ ಬಂದ ಕಡೆ, ಕಾಲು ತಾನಾಗಿ ಮುಂದೆ ಬರುತ್ತಿತ್ತು. ಓಣಿಯವರಿಗೂ ರೂಢಿಯಾಯಿತು. ಗುರುವಾರ ಅವರಿಬ್ಬರೂ ಹಾಗೇ ಗುಡಿಯವರೆಗೆ ಹೋಗುವುದನ್ನು ನಾನು ಮಾಳಿಗೆಯ ಮೇಲಿನಿಂದ ನೋಡಿದ್ದೇನೆ. ಮೇಲಿನಿಂದ ಅದು ನಡಿಗೆಯಂತೆ ಕಾಣುತ್ತಿರಲಿಲ್ಲ. ಇಬ್ಬರು ಮುದುಕರು ಯಾವುದೋ ಆಟ ಆಡುತ್ತಿರುವಂತೆ ಕಾಣುತ್ತಿತ್ತು. ಪ್ರಭುವೇ ನಡೆಸುತ್ತಾನೆ ಎಂದು ಕಾಕೂ ಆಗಲೂ ಹೇಳುತ್ತಿದ್ದರು. ಕಾಕಾ ಅದಕ್ಕೆ, "ಪ್ರಭೂನ ಕಾಲಾಗ ಕಾಲುಂಗುರ ಅದಾವ," ಎನ್ನುತ್ತಿದ್ದರು.

ಕಾಕಾ ಆಮೇಲೆ ಎಷ್ಟು ವರ್ಷ ಇದ್ದರೋ, ನಾನು ಎಲ್ಲವನ್ನೂ ನೋಡಲಿಲ್ಲ. ನನಗೆ ಬಸವಕಲ್ಯಾಣದಲ್ಲೇ ಕೆಲಸ ಸಿಕ್ಕಿ ಕೋಣೆ ಬಿಟ್ಟೆ. ಆ ಕಡೆ ಹೋದಾಗಲೆಲ್ಲ ನೋಡಿ ಬರುತ್ತಿದ್ದೆ. ಕೊನೆಯ ದಿನಗಳಲ್ಲಿ ಮಂಚ ಹಿಡಿದರು, ಗೆರೆಗೂ ಕಾಲಿಗೂ ಅವರ ಪಾದ ಏಳುತ್ತಿರಲಿಲ್ಲ. ಆದರೂ ಕಾಕೂ ಬೆಳಿಗ್ಗೆ ಗೆರೆ ಎಳೆಯುತ್ತಿದ್ದರು. "ಕಣ್ಣಿಗೆ ಬೀಳ್ಲಿ ತಂಗಿ. ಅವು ಕಂಡ್ರ ಫಿಕರ್ ಮಾಡಂಗಿಲ್ಲ, ಸುಮ್ಮ ಮಲಗ್ತಾರ," ಎಂದರು ನನಗೆ.

ಕಾಕಾ ಹೋದ ದಿನ ನಾನು ಅಲ್ಲಿರಲಿಲ್ಲ. ಮುಂದಿನದು ಕೇಳಿದ್ದು. ಹೇಳಿದವನು ಅಣ್ಣನ ಮಗ, ಬಸವಕಲ್ಯಾಣದ ಬಸ್ ನಿಲ್ದಾಣದ ಹೊರಗೆ ಟಂಟಂಗೆ ಒರಗಿ ನಿಂತು. ಅಂದು ಹೆಗಲು ಕೊಟ್ಟವರಲ್ಲಿ ಅವನು ಮುಂದಿದ್ದ. ಹೆಣ ಎತ್ತಿಕೊಂಡು ತಲೆಬಾಗಿಲಿಗೆ ಬಂದಾಗ ಹೊಸ್ತಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕಾಕೂ ಕೂತಿದ್ದರಂತೆ. ಅವರ ಬಲಗಾಲು ಬಾಗಿಲಿಗೆ ಅಡ್ಡ ಚಾಚಿತ್ತು.

"ಕಾಕೂ, ಕಾಲು ತಗೀರಿ ಅಂತ ಹೇಳಬೇಕಂದ್ರ ನನ್ನ ಬಾಯಿ ಬರವಲ್ತು," ಎಂದ ಅವನು. "ಹಿಂದಿದ್ದವ್ರು ಯಾಕ ನಿಂತಿ, ಯಾಕ ನಿಂತಿ ಅನ್ನಾಕತ್ತಿದ್ರು. ನಾನೇ ಗಾಡಿ ಬಂದ್ ಬಿದ್ದಂಗ ನಿಂತಿದ್ದೆ."

"ಆಮೇಲೆ?"

"ಆಮ್ಯಾಲ ಏನು... ದಾಟಿದ್ವಿ. ನಾಕೂ ಮಂದಿ. ಒಬ್ಬೊಬ್ರಾಗಿ ಕಾಲೆತ್ತಿ."

ಕಾಕೂ ಬೇಕೆಂದೇ ಕಾಲಿಟ್ಟಿದ್ದರು ಎಂಬುದು ಅವನ ನಂಬಿಕೆ. ಕಾಕಾನನ್ನು ದಾಟಿಸಲು ಇಟ್ಟರು ಎನ್ನುತ್ತಾನೆ. ಎದುರು ಮನೆಯವರು ಹೇಳುವುದು ಬೇರೆ: ಆಕೆಗೆ ಎಚ್ಚರವೇ ಇರಲಿಲ್ಲ, ಅತ್ತು ಅತ್ತು ಕಾಲು ಜೋಮು ಹಿಡಿದಿತ್ತು, ಸರಿಸಲಾಗಲಿಲ್ಲ ಅಷ್ಟೆ. ಆಮೇಲೆ ನಾನು ಹೋದಾಗ ಕಾಕೂನನ್ನು ಕೇಳಬಹುದಿತ್ತು. ಅವರು ಬರಿಗಾಲಿನ ಬೆರಳುಗಳನ್ನು ನೋಡುತ್ತ ಕೂತಿದ್ದರು. ಉಂಗುರ ತೆಗೆದ ಕಡೆ ಚರ್ಮ ಬೆಳ್ಳಗೆ, ಸುತ್ತ ಒಂದು ಗೆರೆಯಾಗಿ ಉಳಿದಿತ್ತು. ಕೇಳಲಿಲ್ಲ. ಈಗ ಅವರೂ ಇಲ್ಲ.

ಇತ್ತೀಚೆಗೆ ಹುಮನಾಬಾದಿಗೆ ಹೋದವಳು ಆ ಓಣಿಗೆ ಕಾಲು ತಿರುಗಿಸಿದೆ. ಮನೆಯಲ್ಲಿ ಬಾಡಿಗೆಗೆ ಬೇರೆ ಯಾರೋ ಇದ್ದಾರೆ. ಹೊಸ್ತಿಲಿಗೆ ಅಂಗಡಿಯಿಂದ ತಂದ ಪ್ಲಾಸ್ಟಿಕ್ ರಂಗೋಲಿ ಅಂಟಿಸಿದ್ದರು. ಕೆಂಪು, ಹಳದಿ, ಬಿಳಿ. ಯಾರು ಬಂದರೂ ಹೋದರೂ ಅದು ಅಲ್ಲೇ ಇರುತ್ತದೆ, ಒದ್ದೆ ಬಟ್ಟೆಗೆ ಅಳಿಯುವುದಿಲ್ಲ. ಒಳಗಿನಿಂದ ಒಬ್ಬ ಹೆಣ್ಣುಮಗಳು, "ಯಾರು ಬೇಕಾಗಿತ್ರಿ?" ಎಂದಳು. ಏನು ಹೇಳಲಿ... ಯಾರೂ ಇಲ್ಲ ಎಂದು ಬಂದೆ.

ಅಡುಗೆಮನೆಯ ನೆಲದ ಮೇಲೆ ನನ್ನ ಬೆರಳು ಎಳೆದ ಗೆರೆ ಇನ್ನೂ ಇದೆ. ಸೊಪ್ಪು ತೊಳೆಯಬೇಕು, ಒಲೆ ಹಚ್ಚಬೇಕು. ಅತ್ತ ಇತ್ತ ಓಡಾಡುವಾಗ ಪ್ರತಿ ಸಲವೂ ಅಲ್ಲಿ ನನ್ನ ಕಾಲು ಎತ್ತರಕ್ಕೆ ಏಳುತ್ತಿದೆ. ಆಚೆ ಕಡೆ ಇಳಿದಾಗ ಕೈ ತಾನಾಗಿ ಕೆಳಗೆ ಹೋಗುತ್ತದೆ, ಯಾರದೋ ಕಾಲಿಗೆ ತಾಗಿತೇನೋ ಎಂದು.